ಪಾಲುದಾರಿಕೆಗೆ ಪತ್ರವೇಕೆ?

ಅಣ್ಣತಮ್ಮಂದಿರೋ ಭಾವಮೈದುನರೋ ಸೇರಿ ಬೇಕರಿಯನ್ನೋ ಅಂಗಡಿಯನ್ನೋ ತೆರೆಯುವುದು ನಮ್ಮ ಕುಟುಂಬಗಳಲ್ಲಿ ಹೊಸತೇನಲ್ಲ. ಒಬ್ಬರ ಉಳಿತಾಯ, ಮತ್ತೊಬ್ಬರ ದುಡಿಮೆ, ನಡುವೆ ಬರಿಯ ಬಾಯಿಮಾತು. ‘ನಮ್ಮವರ ನಡುವೆ ಕಾಗದವೇಕೆ?’ ಎಂಬುದು ಸೌಜನ್ಯದಂತೆ ಕಂಡರೂ, ಎಷ್ಟೋ ಕಲಹಗಳಿಗೆ ಬೀಜ ಅದೇ.

1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಸಂಪೂರ್ಣ ಹೊಣೆ. ವ್ಯವಹಾರಕ್ಕೆಂದು ಒಬ್ಬನು ಮಾಡಿದ ಸಾಲದಿಂದ ಇನ್ನೊಬ್ಬನ ಮನೆ, ಜಮೀನಿಗೂ ಕುತ್ತು ಬರಬಹುದು. ಬೇರೆ ಕರಾರಿಲ್ಲದಿದ್ದರೆ, ಯಾರು ಎಷ್ಟೇ ಹಣ ಹೂಡಿದ್ದರೂ ಲಾಭನಷ್ಟಗಳು ಸಮಪಾಲು. ದುಡಿಯುವವನಿಗೆ ಸಂಬಳದ ಹಕ್ಕಿಲ್ಲ. ಪಾಲುದಾರನೊಬ್ಬ ಮೃತನಾದರೆ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. ನೋಂದಣಿ ಕಡ್ಡಾಯವಲ್ಲವೆಂದು ಉದಾಸೀನ ಮಾಡುವವರು 69ನೆಯ ಕಲಮನ್ನು ಅರಿತಿರಬೇಕು: ನೋಂದಣಿಯಾಗದ ಸಂಸ್ಥೆಯು ಕರಾರಿನಂತೆ ಹೊರಗಿನವರಿಂದ ಬರಬೇಕಾದ ಬಾಕಿಗಾಗಿ ಸಾಮಾನ್ಯವಾಗಿ ದಾವೆ ಹೂಡುವಂತಿಲ್ಲ.

ಆದುದರಿಂದ ಉದ್ಘಾಟನೆಗೆ ದಿನ ಗೊತ್ತುಮಾಡುವ ಮುನ್ನವೇ ವಕೀಲರನ್ನು ಕಂಡು ಪಾಲುದಾರಿಕೆ ಪತ್ರ ಬರೆಸಿ, ನೋಂದಾಯಿಸುವುದು ಲೇಸು. ಯಾರ ಹಣವೆಷ್ಟು, ದುಡಿಯುವವನಿಗೆ ಸಂಬಳವೆಷ್ಟು, ಒಬ್ಬನು ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಅವನ ಮಡದಿಮಕ್ಕಳಿಗೆ ಸಲ್ಲಬೇಕಾದುದೇನು ಎಂಬುದೆಲ್ಲ ಅದರಲ್ಲಿರಲಿ. ಹೂಡಿಕೆಯನ್ನು ಮೀರಿದ ಹೊಣೆ ಬೇಡವೆನ್ನುವವರಿಗೆ 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯಿದೆಯ ದಾರಿಯೂ ಇದೆ.

ವಿವಾಹದಂಥ ಪವಿತ್ರ ಬಂಧನವನ್ನೂ ಸಾಕ್ಷಿಗಳ ಸಹಿಯೊಡನೆ ದೇವಾಲಯದ ದಾಖಲೆಯಲ್ಲಿ ಬರೆಸುವವರು ನಾವು. ಅದನ್ನು ಅವಿಶ್ವಾಸವೆಂದು ಯಾರೂ ಎಣಿಸುವುದಿಲ್ಲ. ವ್ಯಾಪಾರದಲ್ಲಿ ಮಾತ್ರ ಹಾಗೇಕೆ ಎಣಿಸಬೇಕು? ಬರೆದಿಟ್ಟ ಒಪ್ಪಂದವು ಸಂಬಂಧವನ್ನು ಕೆಡಿಸುವುದಿಲ್ಲ. ಕಷ್ಟಕಾಲದಲ್ಲಿ ಅದನ್ನು ಕಾಯುತ್ತದೆ.