ವಿಡಿಯೊ ನಿಂತರೆ ಊರಿನ ನೆಟ್‌ವರ್ಕನ್ನೇ ಯಾಕೆ ಬೈಯಬೇಕು?

ಮುದಗಲ್‌ನಲ್ಲಿ ಕುಳಿತು ಬೆಂಗಳೂರಿನ ಕಂಪನಿಯ ಕಂಪ್ಯೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕೆಲಸ ಮಾಡುವವರ ತರಬೇತಿ ವಿಡಿಯೊ ತಡವರಿಸಿದರೆ ಉತ್ತರ ಸಿದ್ಧವಿರುತ್ತದೆ: ‘ನಿಮ್ಮೂರ ನೆಟ್‌ವರ್ಕ್ ಸರಿಯಿಲ್ಲ.’ ಪರೀಕ್ಷಿಸದೆ ಕೊಡುವ ಈ ತೀರ್ಪು ಸರಿಯಲ್ಲ.

ಇಲ್ಲಿ ವಿಡಿಯೊ ನೇರವಾಗಿ ನಮಗೆ ಬರುವುದಿಲ್ಲ. ಮೊದಲು ಆ ದೂರದ ಕಂಪ್ಯೂಟರಿನಲ್ಲಿ ಓಡುತ್ತದೆ. ಅದರ ಪರದೆಯ ಚಿತ್ರಗಳನ್ನು ಮತ್ತೆ ಕುಗ್ಗಿಸಿ ನಮಗೆ ಕಳಿಸಲಾಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ಬದಲಾಗುವುದು ನಾಲ್ಕು ಅಂಕಿ. ವಿಡಿಯೊದಲ್ಲಿ ಸೆಕೆಂಡಿಗೆ 25–30 ಚಿತ್ರ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸರ್ವರನ್ನು ಹತ್ತಾರು ಜನ ಹಂಚಿಕೊಂಡಿದ್ದರೆ ಅದು ಏದುಸಿರು ಬಿಡುವುದು ಸಹಜ.

ಅದೇ ವಿಡಿಯೊವನ್ನು ಸೆಷನ್‌ನ ಹೊರಗೆ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಹಾಕಿ ನೋಡಿ. ಅಲ್ಲೂ ನಿಂತರೆ ಲೈನ್ ಪರೀಕ್ಷಿಸಿ. ಸರಾಗವಾಗಿ ಓಡಿದರೆ ವೇಗ ಸಾಕಷ್ಟಿದೆ. ಆಗ ಸೆಷನ್‌ನ ರೆಸಲ್ಯೂಷನ್ ಇಳಿಸಿ. ಧ್ವನಿ ಬಂದು ಚಿತ್ರ ಕಪ್ಪಾಗಿದ್ದರೆ ಬ್ರೌಸರಿನ ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಮಾಡಿ ನೋಡಿ.

ಉಳಿದದ್ದು ಕಂಪನಿಯ ಕೈಯಲ್ಲಿದೆ. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪಿಗೆ 2012ರಿಂದಲೇ ಯುಡಿಪಿ ದಾರಿಯಿದೆ. ಫೈರ್‌ವಾಲ್ ಅದನ್ನು ಮುಚ್ಚಿದ್ದರೆ ಎಲ್ಲವೂ ಟಿಸಿಪಿಯಲ್ಲೇ ಬರಬೇಕು. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೂ ಹಿಂದಿನವೆಲ್ಲ ಕಾಯುತ್ತವೆ.

ಗುಟ್ಟಿನ ದಾಖಲೆ ಸೆಷನ್‌ನೊಳಗೇ ಇರಲಿ, ತಕರಾರಿಲ್ಲ. ಗುಟ್ಟಿಲ್ಲದ ತರಬೇತಿ ವಿಡಿಯೊಗೆ ಹೊರಗಿನಿಂದ ನೋಡುವ ಲಿಂಕ್ ಕೊಡಲು ಏನು ಕಷ್ಟ? ವಿಡಿಯೊ ಪೂರ್ತಿ ನೋಡಿದರಷ್ಟೇ ಹಾಜರಿ ಎನ್ನುವ ಕಡೆ ಇದು ಸಣ್ಣ ವಿಷಯವಲ್ಲ. ಊರು ಬಿಡದೆ ದುಡಿಯಲು ಹೊರಟವರನ್ನು ಊರಿನ ಹೆಸರು ಹೇಳಿಯೇ ಹಿಂದೆ ತಳ್ಳಬಾರದು.