ನೆಮ್ಮದಿಯ ದಿನಗಳಲ್ಲೇ ತುಂಬಲಿ ಔಷಧಿ ಡಬ್ಬಿ

ಹಕ್ಕಿ ಜ್ವರ ಈಗ ಕೋಳಿ ಫಾರಂಗಳ ಸುದ್ದಿಯಾಗಿಯಷ್ಟೇ ಉಳಿದಿಲ್ಲ. ಎಚ್5ಎನ್1 ವೈರಾಣು 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲು ಕೊಡುವ ಹಸುಗಳಲ್ಲಿ ಪತ್ತೆಯಾಯಿತು. ಅದೇ ವರ್ಷದ ಕೊನೆಯಲ್ಲಿ ನಾಗಪುರದ ಗೊರೆವಾಡಾ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳು ಮತ್ತು ಒಂದು ಚಿರತೆ ಅದಕ್ಕೆ ಬಲಿಯಾದವು. 2025ರ ಆರಂಭದಲ್ಲಿ ನಮ್ಮ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೋಳಿಗಳಲ್ಲೂ ಹಕ್ಕಿ ಜ್ವರ ಕಂಡಿತು. ಮನುಷ್ಯರಿಂದ ಮನುಷ್ಯರಿಗೆ ಸರಾಗವಾಗಿ ಹರಡುವ ಶಕ್ತಿ ಈ ವೈರಾಣುವಿಗೆ ಬಂದಿಲ್ಲ, ಬಂದೇ ಬರುತ್ತದೆ ಎಂದು ಹೆದರಿಸುವುದೂ ತಪ್ಪು. ಆದರೆ 1918, 1957, 1968, 2009 ಹೀಗೆ ನೂರು ವರ್ಷಗಳೊಳಗೆ ನಾಲ್ಕು ಸಲ ಹೊಸ ಫ್ಲೂ ಜಗತ್ತನ್ನು ಸುತ್ತಿದೆ. ಐದನೆಯದು ಯಾವಾಗ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ನಮ್ಮ ಮನೆಯ ಔಷಧಿ ಡಬ್ಬಿ ಸಿದ್ಧವಿದೆಯೇ ಎಂದು ಕೇಳಿಕೊಳ್ಳಲು ರೋಗದ ಸುದ್ದಿ ಇಲ್ಲದ ಈ ಹೊತ್ತೇ ಸರಿಯಾದ ಹೊತ್ತು.

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ನಾವು ಬದುಕು ಕಟ್ಟಿಕೊಂಡ ದೊಡ್ಡ ನಗರಗಳೇ ಇಂಥ ರೋಗಗಳಿಗೆ ಹೆಬ್ಬಾಗಿಲು. 1918ರ ಫ್ಲೂ ಭಾರತಕ್ಕೆ ಕಾಲಿಟ್ಟದ್ದು ಮುಂಬೈ ಬಂದರಿನ ಮೂಲಕ. ದೇಶದಲ್ಲಿ ಅದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 2009ರ ಎಚ್1ಎನ್1 ಭಾರತದಲ್ಲಿ ಮೊದಲು ಪತ್ತೆಯಾದದ್ದು ಹೈದರಾಬಾದಿನಲ್ಲಿ, ಮೊದಲ ಸಾವು ಸಂಭವಿಸಿದ್ದು ಅದೇ ಆಗಸ್ಟ್ 3ರಂದು ಪುಣೆಯಲ್ಲಿ. ನಾನು ಪುಣೆಗೆ ಬಂದದ್ದು ಅದಾದ ಮೇಲೆ. ಆದರೆ ಆ ಆಗಸ್ಟಿನಲ್ಲಿ ಮಾಸ್ಕ್‌ಗೆ ಬಂದ ಬರ, ತಪಾಸಣೆಗಾಗಿ ನಿಂತ ಉದ್ದನೆಯ ಸಾಲು, ಮುಚ್ಚಿದ ಶಾಲೆಗಳ ಕತೆ ಹೇಳುವ ಹಿರಿಯರು ಇಲ್ಲಿ ಈಗಲೂ ಸಿಗುತ್ತಾರೆ.

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಮನೆ ಎಂದರೆ ಎರಡು ಮನೆ. ಒಂದು ಇಲ್ಲಿನ ಫ್ಲಾಟ್, ಇನ್ನೊಂದು ಅಪ್ಪ-ಅಮ್ಮ ಇರುವ ಊರ ಮನೆ. 2020ರ ಮಾರ್ಚ್‌ನಲ್ಲಿ ರಾಜ್ಯಗಳ ಗಡಿ ಎಂದರೆ ಏನೆಂದು ನಾವೆಲ್ಲ ಕಂಡೆವು. ತಲೆಮಾರುಗಳಿಂದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ರಸ್ತೆ ಮುಚ್ಚಿದಾಗ ಪರದಾಡಿದರು. ನೆರೆಯ ಜಿಲ್ಲೆಗೇ ಹೀಗಾದರೆ, ಪುಣೆಯಿಂದ ಹಾವೇರಿಗೆ, ಚೆನ್ನೈಯಿಂದ ಹಾಸನಕ್ಕೆ ಅಮ್ಮನ ಬಿಪಿ ಮಾತ್ರೆ ಒಯ್ಯುವುದು ಹೇಗೆ?

ಅಂದಮೇಲೆ ಮೆಡಿಕಲ್ ಶಾಪಿನ ಅರ್ಧ ಕಪಾಟನ್ನು ಮನೆಗೆ ತಂದುಬಿಡೋಣವೇ? ಖಂಡಿತ ಬೇಡ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಸೌದೆ ಒಟ್ಟುತ್ತಾರೆ, ಹಪ್ಪಳ-ಸಂಡಿಗೆ ಮಾಡಿಡುತ್ತಾರೆ. ಬೇಸಿಗೆಯಲ್ಲಿ ನಿಧಾನವಾಗಿ, ಮನೆಗೆ ಬೇಕಾದಷ್ಟೇ ಮಾಡುವ ಆ ಕೆಲಸದಿಂದ ಯಾರಿಗೂ ಕೊರತೆಯಾಗುವುದಿಲ್ಲ. ಗಾಬರಿಯ ದಾಸ್ತಾನು ಬೇರೆಯೇ ಸಂಗತಿ. 2020ರಲ್ಲಿ ಕೋವಿಡ್‌ಗೆ ರಾಮಬಾಣವೆಂದು ನಂಬಿ ಜನ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಂಡುಕೊಂಡರು. ಸಂಧಿವಾತ, ಲೂಪಸ್ ಇರುವವರು ದಿನಾ ನುಂಗಬೇಕಾದ ಮಾತ್ರೆ ಅದು; ಅವರಿಗೇ ಸಿಗದಂತಾಯಿತು. ಕೊನೆಗೆ ಅದು ಕೋವಿಡ್‌ಗೆ ಕೆಲಸಕ್ಕೆ ಬಾರದು ಎಂದು ಸಾಬೀತಾಯಿತು. ಇಡೀ ಊರು ಒಂದೇ ದಿನ ಅಂಗಡಿಗೆ ನುಗ್ಗಿದಾಗ ಹಣವಿದ್ದವರು, ಗಾಡಿಯಿದ್ದವರು ಮುಂದೆ ನಿಲ್ಲುತ್ತಾರೆ. ಇಂದು ತಿಂಗಳ ದಿನಸಿಯ ಜೊತೆ ಎರಡು ಸ್ಟ್ರಿಪ್ ಹೆಚ್ಚಿಗೆ ತಂದಿಟ್ಟವನು ಅಂದು ಆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಅವನು ಬಿಟ್ಟ ಜಾಗ ಇನ್ನೊಬ್ಬರಿಗೆ ಸಿಗುತ್ತದೆ. ಅನುಕೂಲವಿರುವ ನಾವು ಮೊದಲೇ ಸಿದ್ಧರಾಗಬೇಕಾದ ದೊಡ್ಡ ಕಾರಣ ನನ್ನ ಮಟ್ಟಿಗೆ ಇದೇ.

ಹಾಗಾದರೆ ಡಬ್ಬಿಯಲ್ಲಿ ಏನಿರಬೇಕು?

ಮೊದಲ ಜಾಗ ಫ್ಲೂ ಔಷಧಿಗಲ್ಲ, ದಿನನಿತ್ಯದ ಔಷಧಿಗೆ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಹೃದ್ರೋಗ, ಮೂರ್ಛೆರೋಗದ ಮಾತ್ರೆಗಳು, ಆಸ್ತಮಾದ ಇನ್‌ಹೇಲರ್. ಮಹಾಮಾರಿಯ ದಿನಗಳಲ್ಲಿ ಇವು ತಪ್ಪಿದರೆ ಸೋಂಕು ತಗಲದೆಯೂ ಆಸ್ಪತ್ರೆ ಸೇರಬೇಕಾಗುತ್ತದೆ. ಕಾರ್ಖಾನೆಗಳಲ್ಲಿ ಬಿಡಿಭಾಗಗಳಿಗೆ ಎರಡು ಡಬ್ಬಿ ಇಡುವ ಪದ್ಧತಿಯಿದೆ. ಒಂದು ಖಾಲಿಯಾದೊಡನೆ ಎರಡನೆಯದನ್ನು ತೆರೆಯುವುದು, ಅಂದೇ ಖಾಲಿ ಡಬ್ಬಿಗೆ ಆರ್ಡರ್ ಕೊಡುವುದು. ಮನೆಗೂ ಇದೇ ಸಾಕು. ತಿಂಗಳಿಗೊಂದು ಡಬ್ಬಿ, ಹಿಂದೆ ಇನ್ನೊಂದು. ಹಳೆಯದು ಮೊದಲು ಖರ್ಚಾಗುವುದರಿಂದ ಅವಧಿ ಮುಗಿದು ಎಸೆಯುವ ಪ್ರಮೇಯವೂ ಬರುವುದಿಲ್ಲ. ಇನ್ಸುಲಿನ್ ಇರುವವರು ಮಾತ್ರ ಫ್ರಿಜ್ಜಿನ 2ರಿಂದ 8 ಡಿಗ್ರಿಯ ಜಾಗವನ್ನು ಲೆಕ್ಕ ಹಾಕಬೇಕು, ಫ್ರೀಜರ್‌ನಲ್ಲಿ ಇಡುವಂತಿಲ್ಲ.

ಎರಡನೆಯದು ಜ್ವರಕ್ಕೆ ಪ್ಯಾರಸಿಟಮಾಲ್. ಲೆಕ್ಕ ಸುಲಭ. ಫ್ಲೂ ಜ್ವರ ಐದು ದಿನ, ದಿನಕ್ಕೆ ಮೂರು ಮಾತ್ರೆ ಎಂದಿಟ್ಟುಕೊಂಡರೆ ದೊಡ್ಡವರೊಬ್ಬರಿಗೆ ಹದಿನೈದು. ನಮ್ಮ ಬೆಂಗಳೂರಿನ ಕಂಪನಿಯದೇ ಆದ ಡೋಲೋ 650ರ ಒಂದು ಸ್ಟ್ರಿಪ್‌ನಲ್ಲಿ ಇರುವುದೂ ಹದಿನೈದೇ. ತಲೆಗೊಂದು ಸ್ಟ್ರಿಪ್, ಮೇಲೊಂದು. ಅದಕ್ಕಿಂತ ಹೆಚ್ಚು ಬೇಡ. ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇರುವವರಿಗೆ, ಮದ್ಯ ಸೇವಿಸುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿಯ ಹಲವು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ. ಅದನ್ನೂ ಇದನ್ನೂ ನುಂಗಿದರೆ ತಿಳಿಯದೆಯೇ ಮಿತಿ ಮೀರುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವರಿಗೆ ಡೋಸ್ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ. ಆದರೆ ಸಿರಪ್‌ಗಳೆಲ್ಲ ಒಂದೇ ಗಾಢತೆಯವಲ್ಲ. 5 ಮಿ.ಲೀ.ಗೆ 250 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ 10 ಕಿಲೋ ಮಗುವಿಗೆ 3 ಮಿ.ಲೀ. ಕೊಟ್ಟರೆ 150 ಮಿಲಿಗ್ರಾಂ, ಸರಿಯಾದ ಡೋಸ್. ಅದೇ 3 ಮಿ.ಲೀ.ಯನ್ನು ಪ್ರತಿ ಮಿ.ಲೀ.ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಬಾಟಲಿಯಿಂದ ಕೊಟ್ಟರೆ 300 ಮಿಲಿಗ್ರಾಂ, ಎರಡರಷ್ಟು! ಮನೆಯಲ್ಲಿ ಒಂದೇ ಬಗೆ ಇಡಿ. ವೈದ್ಯರಿಂದ ಎಷ್ಟು ಮಿ.ಲೀ. ಎಂದು ಕೇಳಿ ಬಾಟಲಿಯ ಮೇಲೇ ಬರೆದಿಡಿ. ಫ್ಲೂ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಮೆದುಳು ಮತ್ತು ಲಿವರ್‌ಗೆ ಹಾನಿ ಮಾಡುವ ರೇಸ್ ಸಿಂಡ್ರೋಮ್‌ಗೆ ಅದು ದಾರಿಯಾಗಬಹುದು.

ಉಳಿದದ್ದು ಚಿಕ್ಕ ಪಟ್ಟಿ. ಡಿಜಿಟಲ್ ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಎರಡಕ್ಕೂ ಹೊಸ ಬ್ಯಾಟರಿ. ಒಂದು ಪ್ಯಾಕೆಟ್ ಎನ್95 ಮಾಸ್ಕ್, ಸಾಬೂನು. ಏಳೆಂಟು ಒಆರ್‌ಎಸ್ ಪೊಟ್ಟಣ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ, ಅಳತೆ ತಪ್ಪಬಾರದು. ಪೊಟ್ಟಣ ಮುಗಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಿಷ್ಟನ್ನೂ ಅಡುಗೆಮನೆಯ ಒಲೆಯ ಮೇಲಿನ ಕಪಾಟಿನಲ್ಲೋ ಬಚ್ಚಲಿನಲ್ಲೋ ಇಡಬೇಡಿ. ಬಿಸಿ, ಹಬೆ ಔಷಧಿಗೆ ಶತ್ರು. ಮಲಗುವ ಕೋಣೆಯ ಬೀರು, ಮಕ್ಕಳ ಕೈಗೆ ಸಿಗದ ಎತ್ತರ, ಅದೇ ಒಳ್ಳೆಯ ಜಾಗ.

ಇಡಬಾರದ ಔಷಧಿಗಳೂ ಇವೆ. ಅಜಿಥ್ರೋಮೈಸಿನ್‌ನಂತಹ ಆ್ಯಂಟಿಬಯೋಟಿಕ್ ವೈರಾಣುವಿಗೆ ನಾಟುವುದಿಲ್ಲ. ಸ್ಟೀರಾಯ್ಡ್‌ಗಳನ್ನು ಬೇಕಾಬಿಟ್ಟಿ ನುಂಗಿದ್ದು 2021ರಲ್ಲಿ ಸಕ್ಕರೆ ಕಾಯಿಲೆಯವರಿಗೆ ಕಪ್ಪು ಶಿಲೀಂಧ್ರದ ಹಾದಿ ತೆರೆಯಿತು. ಫ್ಲೂಗೆ ನಿಜವಾಗಿ ಕೆಲಸ ಮಾಡುವ ಔಷಧಿ ಒಸೆಲ್ಟಾಮಿವಿರ್. ರೋಗಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದರೆ ಅದರ ಪ್ರಯೋಜನ ಹೆಚ್ಚು. ಆದರೆ ಅದು ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಿ, ಅಂಗಡಿಯವರು ಅದರ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಪರಿಚಯದ ಮೇಲೆ ತಂದು ಬಚ್ಚಿಡುವ ಬದಲು, ಆ 48 ಗಂಟೆಯೊಳಗೆ ಯಾವ ವೈದ್ಯರನ್ನು ತಲುಪಬಲ್ಲಿರಿ ಎಂದು ಈಗಲೇ ಗೊತ್ತುಮಾಡಿಕೊಳ್ಳಿ. ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ವೈದ್ಯರ ಸಲಹೆ ಪಡೆಯಬಹುದು. ಊರಿನಲ್ಲಿರುವ ಹೆತ್ತವರಿಗೆ ಕನ್ನಡದಲ್ಲೇ ಮಾತಾಡುವ 104 ಆರೋಗ್ಯ ಸಹಾಯವಾಣಿಯಿದೆ.

ಡಬ್ಬಿಯಲ್ಲಿ ಒಂದು ಹಾಳೆಯೂ ಇರಲಿ. ಯಾರಿಗೆ ಯಾವ ಔಷಧಿ, ಎಷ್ಟು ಮಿಲಿಗ್ರಾಂ, ಯಾವುದಕ್ಕೆ ಅಲರ್ಜಿ, ವೈದ್ಯರ ಫೋನ್ ನಂಬರ್. ಬ್ರ್ಯಾಂಡಿನ ಹೆಸರಿನ ಪಕ್ಕ ಔಷಧಿಯ ಮೂಲ ಹೆಸರು ಬರೆಯುವುದು ಮುಖ್ಯ. ಊರಿನ ಬ್ರ್ಯಾಂಡ್ ಇಲ್ಲಿ ಸಿಗದಿರಬಹುದು. ಟೆಲ್ಮಿಸಾರ್ಟನ್ 40 ಎಂದಿದ್ದರೆ ಪುಣೆಯಲ್ಲೂ ಪುತ್ತೂರಲ್ಲೂ, ಜನೌಷಧಿ ಕೇಂದ್ರದಲ್ಲೂ ಅರ್ಥವಾಗುತ್ತದೆ. ಅಪ್ಪ-ಅಮ್ಮನ ಹಾಳೆಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಅದರ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಆಸ್ಪತ್ರೆಗೆ ಹೋಗಲೇಬೇಕಾದ ಲಕ್ಷಣಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಡಿ: ಉಸಿರಾಟದ ಕಷ್ಟ, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ, ಎದೆನೋವು, ಮಂಕುತನ, ಇಳಿದು ಮತ್ತೆ ಏರಿದ ಜ್ವರ, ನೀರು ಕುಡಿಯದ ಅಥವಾ ಮೂತ್ರ ಮಾಡದ ಮಗು. ಗರ್ಭಿಣಿಯರು, 65 ದಾಟಿದವರು, ಐದರೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು ಇವ್ಯಾವುಕ್ಕೂ ಕಾಯದೆ ಮೊದಲ ದಿನವೇ ವೈದ್ಯರನ್ನು ಕೇಳಬೇಕು. ಪ್ರತಿ ವರ್ಷದ ಫ್ಲೂ ಲಸಿಕೆ ಹೊಸ ವೈರಾಣುವನ್ನು ತಡೆಯಲಾರದು. ಆದರೆ ಮಾಮೂಲಿ ಫ್ಲೂ ಮಳೆಗಾಲದಲ್ಲೂ ಚಳಿಗಾಲದ ಕೊನೆಯಲ್ಲೂ ಬರುತ್ತಲೇ ಇರುತ್ತದೆ. ವಯಸ್ಸಾದ ಹೆತ್ತವರಿಗೆ ಆ ಲಸಿಕೆ ಹಾಕಿಸುವ ಬಗ್ಗೆ ಅವರ ವೈದ್ಯರೊಡನೆ ಮಾತಾಡಿ.

ನಮ್ಮ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ರಾಜ್ಯೋತ್ಸವಕ್ಕೆ ಹೆಸರು, ಫೋನ್ ನಂಬರ್ ಸಂಗ್ರಹಿಸುವ ಸಂಘ, ಪಿಜಿಯಲ್ಲಿ ಒಂಟಿಯಾಗಿರುವ ಹುಡುಗ-ಹುಡುಗಿಯರ ಪಟ್ಟಿಯನ್ನೂ ಮಾಡಬಹುದು. ಹೊಸದಾಗಿ ಕೆಲಸಕ್ಕೆ ಬಂದವರ ಕೋಣೆಯಲ್ಲಿ ಥರ್ಮಾಮೀಟರ್ ಕೂಡ ಇರುವುದಿಲ್ಲ. ಜ್ವರ ಬಂದರೆ ಒಂದು ಲೋಟ ಗಂಜಿ ಬಾಗಿಲಲ್ಲಿಟ್ಟು ಹೋಗುವವರು ಬೇಕು. ನಮ್ಮ ಮನೆಗೆ ಕೆಲಸಕ್ಕೆ ಬರುವ ಮೌಶಿ, ಗೇಟಿನ ಕಾವಲುಗಾರ, ಇವರ ಮನೆಗೂ ಒಂದು ಸ್ಟ್ರಿಪ್ ಮಾತ್ರೆ, ನಾಲ್ಕು ಒಆರ್‌ಎಸ್ ಪೊಟ್ಟಣ ಕೊಡುವುದು ದೊಡ್ಡ ಖರ್ಚಲ್ಲ. ಜ್ವರದಲ್ಲೂ ಕೆಲಸಕ್ಕೆ ಬರಲೇಬೇಕಾದ ಸ್ಥಿತಿ ಅವರಿಗೆ ಬಾರದಂತೆ ಸಂಬಳದ ರಜೆ ಕೊಡುವುದು ಅದಕ್ಕಿಂತ ದೊಡ್ಡ ಔಷಧಿ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮವರು ನಗಾಡುತ್ತಿದ್ದರು. 2020ರಲ್ಲಿ ನಾವು ಮಾಡಿದ್ದು ಬಹುಮಟ್ಟಿಗೆ ಅದನ್ನೇ. ಈ ಭಾನುವಾರ ಹಳೆಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಅವಧಿ ಮುಗಿದದ್ದನ್ನು ಬೇರೆ ಮಾಡಿ. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಲ್ಲಿಯೂ ಇದನ್ನೇ ಮಾಡಿ, ಎರಡನೇ ಡಬ್ಬಿಯನ್ನು ತುಂಬಿಟ್ಟು ಬನ್ನಿ.