ಇಂದಿನ ಮೀನು ಯಾವುದು?

ಸೇಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳನ್ನು ಕಂಡು, ದೋಣಿಯಿಳಿದು ಮಲ್ಪೆಯ ಮರಳಿಗೆ ಕಾಲಿಡುವ ಪ್ರವಾಸಿಗನು, ಕಡಲಗಾಳಿಗೆ ಹಸಿವೆಯೂ ಹೆಚ್ಚಿದ ಆ ಹೊತ್ತಿನಲ್ಲಿ, ಮೊದಲು ವಿಚಾರಿಸುವುದು ಒಳ್ಳೆಯ ಮೀನೂಟ ಎಲ್ಲಿ ಸಿಗುತ್ತದೆ ಎಂದು. ಉಡುಪಿಯ ಹೆಸರು ಸಸ್ಯಾಹಾರದ ಹೋಟೆಲುಗಳಿಂದ ದೇಶವೆಲ್ಲ ಹಬ್ಬಿರುವುದಾದರೂ, ಅಲ್ಲಿಂದ ಐದಾರು ಕಿಲೋಮೀಟರು ದೂರದ ಈ ಊರಿನಲ್ಲಿ ಕರ್ನಾಟಕದ ಅತಿದೊಡ್ಡ ಮೀನುಗಾರಿಕಾ ಬಂದರು ಇದೆ. ಆದುದರಿಂದ ಇಲ್ಲಿ ಎಲ್ಲಿ ಕುಳಿತು ಉಂಡರೂ ತಾಜಾ ಮೀನೇ ಎಲೆಗೆ ಬೀಳುವುದೆಂದು ನಂಬುವುದು ಸಹಜ. ಈ ನಂಬಿಕೆ ಅರ್ಧ ಮಾತ್ರ ನಿಜ. ಎಲ್ಲಿ ಉಣ್ಣಬೇಕೆಂದು ಕೇಳುವುದಕ್ಕೆ ಮೊದಲು ಇಂದು ಯಾವ ಮೀನು ಬಂದಿದೆಯೆಂದು ಕೇಳಬೇಕು, ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬಲ್ಲ ಊಟದ ಮನೆಯಲ್ಲಿಯೇ ಕುಳಿತುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಂದರಿನ ವ್ಯವಹಾರವನ್ನು ಸ್ವಲ್ಪ ತಿಳಿದರೆ ಇದರ ಕಾರಣ ಸ್ಪಷ್ಟವಾದೀತು. ಆಳಸಮುದ್ರದ ಟ್ರಾಲ್ ಬೋಟುಗಳು ಒಮ್ಮೆ ಹೊರಟರೆ ವಾರ, ಹತ್ತು ದಿನ ಕಡಲಿನಲ್ಲಿಯೇ ಇರುತ್ತವೆ; ಹೊರಡುವಾಗಲೇ ಮಂಜುಗಡ್ಡೆಯನ್ನು ತುಂಬಿಕೊಂಡು, ಹಿಡಿದ ಮೀನನ್ನು ಅದರ ನಡುವೆ ಹುದುಗಿಸಿ, ಬೋಟು ತುಂಬಿದ ಮೇಲೆ ದಡಕ್ಕೆ ಮರಳುತ್ತವೆ. ಹಾಗೆ ಕಾಪಾಡಿ ತಂದ ಮೀನನ್ನು ಕೆಟ್ಟದ್ದೆಂದು ಹೇಳಲಾಗದು. ಆದರೆ ಮೊದಲ ದಿನ ಬಲೆಗೆ ಬಿದ್ದುದು ಎಲೆಗೆ ಬರುವಷ್ಟರಲ್ಲಿ ವಾರ ತುಂಬಿರುವುದರಿಂದ ತಾಜಾ ಎಂಬ ಹೆಸರು ಅದಕ್ಕೆ ಸಲ್ಲದು. ಸಂಜೆ ಹೊರಟು ಬೆಳಗ್ಗೆ ಮರಳುವ ಸಣ್ಣ ದೋಣಿಗಳು ತರುವ ಬಂಗುಡೆ, ಭೂತಾಯಿ, ಕಾಣೆ, ನಂಗ್, ಕೊಡ್ಡಾಯಿಗಳಿಗೆ ಆ ಹೆಸರು ನ್ಯಾಯವಾಗಿ ಸಲ್ಲುತ್ತದೆ. ಅಂಜಲ್ ದೊಡ್ಡ ಮೀನು, ಬೆಲೆಯೂ ದೊಡ್ಡದು. ಬಂಗುಡೆ ಸಣ್ಣದು, ಅಗ್ಗದ್ದು. ಆದರೆ ಬೆಲೆಗೂ ತಾಜಾತನಕ್ಕೂ ಸಂಬಂಧವಿಲ್ಲ. ಎಷ್ಟೋ ದಿನಗಳಲ್ಲಿ ಊಟದ ಮನೆಯಲ್ಲಿರುವ ಅತ್ಯಂತ ತಾಜಾ ಮೀನೇ ಅತ್ಯಂತ ಅಗ್ಗದ ಮೀನೂ ಆಗಿರುತ್ತದೆ.

ತಾಜಾ ಮೀನೆಂದರೇನು ಎಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರು ಕೈರಂಪಣಿ ಎಳೆಯುವ ಹೊತ್ತಿಗೆ ಕಡಲತೀರದಲ್ಲಿರಬೇಕು. ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಟ್ಟು ಬಂದ ಮೇಲೆ, ಹಗ್ಗದ ಎರಡು ತುದಿಗಳನ್ನು ಹಿಡಿದ ಎರಡು ಗುಂಪುಗಳು, ಒಂದೇ ಲಯದಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, ಕ್ರಮೇಣ ಒಂದನ್ನೊಂದು ಸಮೀಪಿಸಿ, ಬಲೆಯ ಮಡಿಲನ್ನು ಮರಳಿಗೆ ತರುವಾಗ, ಅದರೊಳಗೆ ಮೀನು ಇನ್ನೂ ಜೀವದಿಂದ ಚಿಮ್ಮುತ್ತಿರುತ್ತದೆ. ಬುಟ್ಟಿ ಹಿಡಿದು ಕಾದಿರುವ ಮೀನು ಮಾರುವ ಹೆಂಗಸು ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಕಿವಿರನ್ನು ಎತ್ತಿ ನೋಡುತ್ತಾಳೆ: ಒಳಗೆ ರಕ್ತವರ್ಣವಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಮೈಯನ್ನು ಒತ್ತಿದರೆ ಕುಳಿ ನಿಲ್ಲದೆ ಮಾಂಸ ಮತ್ತೆ ಪುಟಿಯಬೇಕು. ಈ ಪರೀಕ್ಷೆಗೆ ಮತ್ತಾವ ಉಪಕರಣವೂ ಬೇಕಾಗಿಲ್ಲ.

ಇದು ಕೇವಲ ರುಚಿಯ ವಿಷಯವೆಂದು ಭಾವಿಸಬಾರದು. ಬಂಗುಡೆಯ ಜಾತಿಯ ಮೀನುಗಳನ್ನು ಹಿಡಿದ ಕೂಡಲೇ ತಂಪಿನಲ್ಲಿಡದೆ ಬಿಸಿಲಿಗೆ ಬಿಟ್ಟರೆ, ಅವುಗಳ ಮಾಂಸದಲ್ಲಿ ಸಹಜವಾಗಿರುವ ಹಿಸ್ಟಿಡಿನ್ ಎಂಬ ಪದಾರ್ಥವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಪರಿವರ್ತಿಸುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ತಿಂದವರ ಮುಖ ಕೆಂಪೇರಿ, ಮೈಮೇಲೆ ದದ್ದುಗಳೇಳುತ್ತವೆ, ತಲೆ ಸಿಡಿಯುತ್ತದೆ. ದಪ್ಪ ಮಸಾಲೆಯ ಕವಚದೊಳಗೆ ಅಡಗಿದ ಹಳೆಯ ಮೀನನ್ನು ಗುರುತಿಸುವುದು ತಿನ್ನುವವನಿಗೆ ಕಷ್ಟವಾದುದರಿಂದ, ಹುರಿಯುವ ಮುನ್ನ ಮೀನನ್ನು ತೋರಿಸೆಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಒಳ್ಳೆಯ ಊಟದ ಮನೆಯವರು ಸಂತೋಷದಿಂದಲೇ ತೋರಿಸುವರು.

ಋತುವನ್ನೂ ಗಮನಿಸತಕ್ಕುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನಿನ ಸಂತಾನಾಭಿವೃದ್ಧಿಯ ಕಾಲವೆಂದು ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುತ್ತದೆ. ಆಗ ಕಡಲಿಗಿಳಿಯುವವು ನಾಡದೋಣಿಗಳು ಮಾತ್ರ. ಅವೂ ತೂಫಾನ್ ಎದ್ದು ಕಡಲ ತಳ ಕದಡಿ, ಸಿಗಡಿ ದಡದ ಕಡೆಗೆ ಬರುವುದನ್ನೇ ಕಾಯುತ್ತಿರುತ್ತವೆ. ಪೂರ್ವ ಕರಾವಳಿಯ ನಿಷೇಧವು ಜೂನ್ 14ಕ್ಕೇ ಮುಗಿಯುವುದರಿಂದ, ಆ ಬಳಿಕ ಅಲ್ಲಿಯ ಮೀನು ಲಾರಿಗಳಲ್ಲಿ ಘಟ್ಟ ದಾಟಿ ಇಲ್ಲಿಗೆ ಬರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಮಲ್ಪೆಯ ತೀರದಲ್ಲಿ ಕುಳಿತು ಅಂಜಲಿನ ತುಂಡನ್ನು ಕೇಳುವವನು, ನೂರಾರು ಮೈಲಿ ಪಯಣಿಸಿ ಬಂದ ಮೀನನ್ನು ಕಡಲ ಸದ್ದು ಕೇಳುತ್ತಾ ತಿನ್ನುವ ಸಂಭವವೇ ಹೆಚ್ಚು. ಆ ದಿನಗಳಲ್ಲಿ ನಾಡದೋಣಿಯ ಸಿಗಡಿ ಸಿಕ್ಕಿದರೆ ಅದು ಭಾಗ್ಯ. ಸಿಗದಿದ್ದರೆ ಬೇಸಗೆಯಲ್ಲಿ ಹೆಂಗಸರು ಒಣಗಿಸಿಟ್ಟ ಮೀನಿನ ಚಟ್ನಿಯೂ ಕುಚ್ಚಲಕ್ಕಿಯ ಗಂಜಿಯೂ ಇವೆ. ಕರಾವಳಿಯ ಮನೆಗಳು ಮಳೆಗಾಲವನ್ನು ಕಳೆದದ್ದು ಹಾಗೆಯೇ.

ಹಾಗಾದರೆ ಉಣ್ಣುವುದೆಲ್ಲಿ? ಬಂದರಿನ ಹಿಂಬದಿಯ ರಸ್ತೆಗಳಲ್ಲಿ, ಮೀನು ಹೊರುವವರೂ ಬೋಟಿನವರೂ ಲಾರಿಯವರೂ ಮಧ್ಯಾಹ್ನ ಒಟ್ಟಿಗೆ ಕುಳಿತುಣ್ಣುವ ಸಣ್ಣ ಊಟದ ಮನೆಗಳಲ್ಲಿ. ಅಲ್ಲಿ ಅಚ್ಚುಹಾಕಿಸಿದ ಉದ್ದನೆಯ ಪಟ್ಟಿಯಿರುವುದಿಲ್ಲ. ಕೇಳಿದರೆ, "ಅಂಜಲ್ ಇಲ್ಲ, ಭೂತಾಯಿ ಒಳ್ಳೇದುಂಟು" ಎಂಬ ಉತ್ತರ ಬರುತ್ತದೆ. "ಇಲ್ಲ" ಎಂದು ಹೇಳಬಲ್ಲ ಅಡುಗೆಮನೆಯೇ ನಂಬಿಕೆಗೆ ಯೋಗ್ಯವಾದ ಅಡುಗೆಮನೆ. ಅಲ್ಲಿಯ ಭೂತಾಯಿ ಪುಳಿಮುಂಚಿಯನ್ನು ಮಾಡುವ ಕ್ರಮವನ್ನು ನೋಡಿದರೂ ಸಾಕು, ಮೀನಿನ ಮೇಲಣ ಗೌರವ ತಿಳಿಯುತ್ತದೆ: ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆಗಳನ್ನು ಹುಣಸೆಹುಳಿಯೊಂದಿಗೆ ನುಣ್ಣಗೆ ಅರೆದು, ಮಣ್ಣಿನ ಪಾತ್ರೆಯಲ್ಲಿ ಕುದಿಸಿ, ಮೀನನ್ನು ಕಡೆಗೆ ಇಳಿಸಿ, ಅದು ಮುರಿಯದಂತೆ ಸೌಟು ಹಾಕದೆ ಪಾತ್ರೆಯನ್ನೇ ಎತ್ತಿ ಮೆಲ್ಲನೆ ತಿರುಗಿಸುತ್ತಾರೆ. ತಾಜಾ ಮೀನಾದರೆ ಬೆಂದ ಮೇಲೂ ಇಡಿಯಾಗಿಯೇ ನಿಲ್ಲುತ್ತದೆ, ಹಳೆಯದಾದರೆ ಹೊಟ್ಟೆ ಬಿರಿದು ಚೂರಾಗುತ್ತದೆ.

ಆ ದಿನ ಬಂದ ಮೀನನ್ನೇ ಕೇಳಿ ಉಣ್ಣಬೇಕೆಂಬ ಈ ಮಾತಿಗೆ ಇನ್ನೊಂದು ಮುಖವೂ ಇದೆ, ಅದೇ ಹೆಚ್ಚು ಗುರುತರವಾದುದು. ಬಂದವರೆಲ್ಲರೂ ಅಂಜಲ್, ಪಾಂಪ್ಲೆಟ್ ಎಂಬ ಎರಡು ಹೆಸರುಗಳನ್ನೇ ಜಪಿಸಿದರೆ, ಆ ಎರಡು ಜಾತಿಗಳ ಮೇಲೆಯೇ ಕಡಲಿನ ಭಾರವೆಲ್ಲ ಬಿದ್ದು, ಇನ್ನೂ ಬೆಳೆಯದ ಮರಿಗಳಿಗೂ ಬೆಲೆ ಬರುತ್ತದೆ. ಅತ್ತ, ತಟ್ಟೆಗೆ ಬರಬಹುದಾಗಿದ್ದ ಭೂತಾಯಿ ರಾಶಿ ರಾಶಿಯಾಗಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿಯೂ ಎಣ್ಣೆಯೂ ಆಗುತ್ತದೆ. ಮನುಷ್ಯನಿಗೆ ಪೌಷ್ಟಿಕವಾದ, ಅಗ್ಗವಾದ, ರುಚಿಯಾದ ಆಹಾರವೊಂದನ್ನು ತಾತ್ಸಾರ ಮಾಡಿ ಯಂತ್ರಕ್ಕೆ ಹಾಕುವುದು ವಿವೇಕವಲ್ಲ. ಉಣ್ಣುವವರ ಅಭಿರುಚಿ ವಿಶಾಲವಾದರೆ ಸಣ್ಣ ದೋಣಿಯವರ ಮೀನಿಗೆ ನ್ಯಾಯವಾದ ಬೆಲೆ ಸಿಗುವುದು, ದೊಡ್ಡ ಮೀನಿಗೆ ಬೆಳೆಯಲು ಅವಕಾಶವೂ ಸಿಗುವುದು.

ಆದುದರಿಂದ ಮಲ್ಪೆಗೆ ಬರುವವರಲ್ಲಿ ನನ್ನ ಬಿನ್ನಹವಿಷ್ಟೆ: ಮಧ್ಯಾಹ್ನದ ಹೊತ್ತಿಗೆ ಬನ್ನಿ, ಕಡಲಿಗೆ ಎದುರಾದ ಕುರ್ಚಿಯನ್ನು ಹುಡುಕದೆ ಬಂದರಿಗೆ ಸಮೀಪದ ಬೆಂಚನ್ನು ಹುಡುಕಿ, ಮನಸ್ಸಿನಲ್ಲಿ ಮೊದಲೇ ಮೀನೊಂದನ್ನು ನಿಶ್ಚಯಿಸಿಕೊಳ್ಳದೆ ಆ ದಿನ ಬಂದುದನ್ನು ಕೇಳಿ ಉಣ್ಣಿರಿ, ಅದು ಭೂತಾಯಿಯೇ ಆದರೂ ಸಂತೋಷದಿಂದ ಉಣ್ಣಿರಿ.